ನಿಮ್ಮ ವಿದ್ಯಾರ್ಥಿ ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತಾನೆ? ಮುಂಬಯಿಯ ಕುಲಗುರುಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ ಮತ್ತು ಸುತ್ತಲಿನ ವಿಶ್ವವಿದ್ಯಾಲಯಗಳ ಮಾನ್ಯ ಕುಲಗುರುಗಳಿಗೆ (ವೈಸ್ ಚಾನ್ಸಲರರಿಗೆ), ಕಾಲೇಜುಗಳ ಪ್ರಾಂಶುಪಾಲರಿಗೆ, ಮತ್ತು ಈ ನಗರದಲ್ಲಿ ಶಾಲೆ ಕಾಲೇಜು ನಡೆಸುತ್ತಿರುವ ನಮ್ಮ ಕನ್ನಡ ಸಂಘಗಳ ಹಿರಿಯರಿಗೆ,

ನಮಸ್ಕಾರ.

ನಾನು ಪ್ರಾಧ್ಯಾಪಕಿ ಅಲ್ಲ. ಮುಂಬಯಿಯ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ 29 ವರ್ಷ ಕ್ಲರ್ಕ್ ಆಗಿದ್ದೆ. ಈಗ ನಿವೃತ್ತಿಯಾಗಿ ಡೊಂಬಿವಲಿಯ ಮನೆಯಲ್ಲಿದ್ದೇನೆ. ಆ 29 ವರ್ಷದಲ್ಲಿ ಜಾಸ್ತಿ ಕಾಲ ಕೂತದ್ದು ರೈಲ್ವೆ ಕನ್ಸೆಷನ್ ಫಾರ್ಮ್ ಕೊಡುವ ಕಿಟಕಿಯ ಹಿಂದೆ. ಮಕ್ಕಳು ಐಡಿ ಕಾರ್ಡು, ವಿಳಾಸದ ಪುರಾವೆ ತರುತ್ತಿದ್ದರು. ನಾನು ಹೆಸರು, ಹುಟ್ಟಿದ ತಾರೀಕು, ಯಾವ ಸ್ಟೇಷನ್ನಿನಿಂದ ಯಾವ ಸ್ಟೇಷನ್ನಿಗೆ, ಒಂದು ತಿಂಗಳಿಗೋ ಮೂರು ತಿಂಗಳಿಗೋ ಅಂತ ಬರೆದು ಸೀಲು ಹಾಕಿ ಕೊಡುತ್ತಿದ್ದೆ. ಆ ಕಾಗದ ತೋರಿಸಿದರೆ ಲೋಕಲ್ ಗಾಡಿಯ ಪಾಸು ಕಡಿಮೆ ಬೆಲೆಗೆ ಸಿಗುತ್ತದೆ.

ಆ ಕಿಟಕಿಯಿಂದ ಕಾಲೇಜು ಬೇರೆ ಥರ ಕಾಣುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರಿಗೆ ಕಾಣುವುದು ರೋಲ್ ನಂಬರು. ನನಗೆ ಕಾಣುತ್ತಿದ್ದದ್ದು ಸ್ಟೇಷನ್ನು. ಬದಲಾಪುರ, ನೇರಳ್, ಟಿಟ್ವಾಲಾ, ಆಸನ್‌ಗಾಂವ್, ದಿವಾ, ಮುಂಬ್ರಾ, ಮಾನ್‌ಖುರ್ದ್, ಪನ್ವೇಲ್, ನಾಲಾಸೋಪಾರಾ, ಪಾಲ್‌ಘರ್. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ಹತ್ತು ನಿಮಿಷ ನಡೆದು ಬಂದಿರುತ್ತಾಳೆ, ಇನ್ನೊಬ್ಬಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದಿರುತ್ತಾಳೆ. ಇಬ್ಬರಿಗೂ ಒಂದೇ ಟೈಮ್‌ಟೇಬಲ್, ಒಂದೇ ಹಾಜರಿ ಲೆಕ್ಕ.

ಈ ಪತ್ರ ಬರೆಯುತ್ತಿರುವುದು ಒಂದೇ ಒಂದು ಮಾತು ಹೇಳೋದಕ್ಕೆ. ನಿಮ್ಮ ವಿದ್ಯಾರ್ಥಿಗಳು ಎಲ್ಲಿಂದ, ಹೇಗೆ, ಎಷ್ಟು ಹೊತ್ತಿಗೆ ಬರುತ್ತಾರೆ, ಬರುವ ಮೊದಲು ಮತ್ತು ಹೋದ ಮೇಲೆ ಏನು ಮಾಡುತ್ತಾರೆ ಅಂತ ದಯವಿಟ್ಟು ಅವರನ್ನೇ ಕೇಳಿ. ಕೇಳಿ, ಬರೆದಿಟ್ಟುಕೊಂಡು, ಆಮೇಲೆ ಟೈಮ್‌ಟೇಬಲ್ ಮಾಡಿ. ನನ್ನ 29 ವರ್ಷದಲ್ಲಿ ಆ ಸ್ಟೇಷನ್ನುಗಳ ಪಟ್ಟಿ ತೋರಿಸಿ ಅಂತ ಯಾರೊಬ್ಬರೂ ನನ್ನನ್ನು ಕೇಳಲಿಲ್ಲ. ಮೂರು ತಿಂಗಳಿಗೊಮ್ಮೆ ಫಾರ್ಮಿನ ಅರ್ಧ ತುಂಡುಗಳು ಕಟ್ಟು ಕಟ್ಟಾಗಿ ಕಪಾಟಿಗೆ ಹೋಗುತ್ತಿದ್ದವು, ಅಷ್ಟೆ.

ಈ ಊರಿನ ಓದು ಹುಟ್ಟಿದ್ದೇ ಓಡಾಟದ ಜೊತೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ನಾಲ್ಕು ವರ್ಷ ಕಳೆದು 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಬಂತು. ಅದನ್ನು ಕಟ್ಟಿದ್ದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ. ಎಲ್ಲರೂ ಒಂದು ಕಡೆ ಉಳಿದು ಓದುವ ಗುರುಕುಲದ ಥರ ಅಲ್ಲ. ಅಲ್ಲಲ್ಲಿ ಇರುವ ಕಾಲೇಜುಗಳಲ್ಲಿ ಓದಿ, ಪರೀಕ್ಷೆ ಬರೆದು, ಪದವಿ ಪಡೆಯುವ ವ್ಯವಸ್ಥೆ ಅದು. ಇವತ್ತು ಆ ವಿಶ್ವವಿದ್ಯಾಲಯದ ವ್ಯಾಪ್ತಿ ಪಾಲ್‌ಘರ್‌ನಿಂದ ಸಿಂಧುದುರ್ಗದವರೆಗೆ ಚಾಚಿದೆ. ಹಾಸ್ಟೆಲ್ಲು ಸಿಗುವವರು ಎಲ್ಲೋ ಕೆಲವರು. ಉಳಿದವರೆಲ್ಲ ದಿನಾ ಬಂದು ದಿನಾ ಹೋಗುವವರು. ಹಾಗಿದ್ದೂ ನಮ್ಮ ನಿಯಮಗಳನ್ನು ಓದಿದರೆ, ಎಲ್ಲರೂ ಕ್ಯಾಂಪಸ್ಸಿನ ಪಕ್ಕದಲ್ಲೇ ಮಲಗಿ ಎದ್ದು ಬರುತ್ತಾರೆ ಅಂತ ಅಂದುಕೊಂಡು ಬರೆದ ಹಾಗಿದೆ.

ನನಗೆ ಮರೆಯೋದಕ್ಕೆ ಆಗದ ಒಂದು ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಎಫ್‌ವೈ ಬಿಕಾಂಗೆ, ಅಂದರೆ ಬಿಕಾಂ ಮೊದಲ ವರ್ಷಕ್ಕೆ, ಸೇರಿದ್ದಳು. ಸ್ಟೇಷನ್ ಆಸನ್‌ಗಾಂವ್. ಅದು ಕಲ್ಯಾಣ ದಾಟಿ ಕಸಾರಾ ಲೈನಿನಲ್ಲಿ ಬರುತ್ತದೆ. ಠಾಣೆ ಜಿಲ್ಲೆಯ ಶಹಾಪುರ ತಾಲೂಕು. ಅವಳ ಹಳ್ಳಿ ಸ್ಟೇಷನ್ನಿನಿಂದ ಇನ್ನೂ ಒಳಗೆ. ಆ ತಾಲೂಕಿನಲ್ಲೇ ತಾನ್ಸಾ, ಭಾತ್ಸಾ ಜಲಾಶಯಗಳಿವೆ. ಮುಂಬಯಿಯವರು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಆದರೆ ಬೇಸಿಗೆಯಲ್ಲಿ ಶಹಾಪುರದ ಎಷ್ಟೋ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು ಹೋಗುತ್ತದೆ. ಅವಳ ಹಳ್ಳಿಯೂ ಅಂಥದ್ದೇ. ಮನೆಗೆ ನೀರು ತುಂಬಿಸುವ ಕೆಲಸ ಅವಳದು.

ಡಿಸೆಂಬರಿನಲ್ಲಿ ಬ್ಲ್ಯಾಕ್‌ಲಿಸ್ಟ್ ಹಾಕಿದರು. ಅದರ ಅರ್ಥ ನಿಮಗೆ ಗೊತ್ತೇ ಇದೆ. ಹಾಜರಿ 75 ಪರ್ಸೆಂಟ್ ಆಗದವರ ಪಟ್ಟಿ. ಅದರಲ್ಲಿ ಅವಳ ನಂಬರಿತ್ತು. ತಂದೆಯನ್ನು ಕರೆದುಕೊಂಡು ಬಂದು ಮುಚ್ಚಳಿಕೆ ಬರೆದುಕೊಡಬೇಕು ಅಂತ ನೋಟೀಸು. ಪಾಪ, ಆ ಮನುಷ್ಯ ಒಂದು ದಿನದ ಕೂಲಿ ಬಿಟ್ಟು ಬಂದರು. ನನ್ನ ಕಿಟಕಿಯ ಎದುರಿನ ಬೆಂಚಿನಲ್ಲಿ ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ಕೂತಿದ್ದರು. ಚಪ್ಪಲಿ ಬಾಗಿಲ ಹೊರಗೇ ಬಿಟ್ಟಿದ್ದರು. ಕಾಲೇಜಿನ ಆಫೀಸಿಗೆ ಚಪ್ಪಲಿ ಹಾಕಿಕೊಂಡು ಬರಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಅವಳಿಗೆ ಬುದ್ಧಿ ಹೇಳಿದೆ. ಸ್ವಲ್ಪ ಬೇಗ ಹೊರಡಬೇಕಮ್ಮಾ, ಅಂದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: ಮ್ಯಾಡಮ್, ನಮ್ಮೂರಿನಿಂದ ಮೊದಲನೇ ಶೇರ್ ರಿಕ್ಷಾ ಹೊರಡೋದೇ ಐದು ಗಂಟೆಗೆ.

ನಮ್ಮ ಮೊದಲ ಲೆಕ್ಚರು 7 ಗಂಟೆ 20 ನಿಮಿಷಕ್ಕೆ. ಐದಕ್ಕೆ ರಿಕ್ಷಾ ಹಿಡಿದು, ಸ್ಟೇಷನ್ನಿಗೆ ಬಂದು, ಸಿಕ್ಕ ಗಾಡಿ ಹತ್ತಿ, ಇಳಿದು ನಡೆದು ಬಂದರೆ ಎಂಟರ ಹತ್ತಿರ ಆಗುತ್ತದೆ. ಕಸಾರಾ ಕಡೆಯ ಗಾಡಿಗಳು ಐದು ನಿಮಿಷಕ್ಕೊಂದು ಬರುವುದಿಲ್ಲ. ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ಅಂದರೆ ನಮ್ಮ ಮೊದಲ ಲೆಕ್ಚರಿಗೆ ಬರೋದು ಅವಳಿಂದ ಸಾಧ್ಯವೇ ಇರಲಿಲ್ಲ. ಆ ದಿನ ಸಂಜೆ ನಾನು ಹಾಜರಿ ಪುಸ್ತಕ ತೆಗೆದು ನೋಡಿದೆ. ಅವಳ ಗೈರುಹಾಜರಿ ಎಲ್ಲವೂ ಮೊದಲ ಲೆಕ್ಚರಿನ ಕಾಲಮ್ಮಿನಲ್ಲೇ ಇತ್ತು. ಎರಡನೇ ಲೆಕ್ಚರಿನಿಂದ ಮುಂದೆ ಒಂದು ದಿನವೂ ತಪ್ಪಿಸಿರಲಿಲ್ಲ. ಮಳೆಗಾಲದಲ್ಲೂ ತಪ್ಪಿಸಿರಲಿಲ್ಲ. ನಮ್ಮದೇ ಪುಸ್ತಕದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ ನಾವು ಒಟ್ಟು ಮೊತ್ತ ಮಾತ್ರ ನೋಡಿದೆವು.

ಮುಚ್ಚಳಿಕೆ ಬರೆಸಿಕೊಂಡು ಪರೀಕ್ಷೆಗೆ ಬಿಟ್ಟರು. ಪಾಸಾದಳು. ಮುಂದಿನ ಜೂನ್‌ನಲ್ಲಿ ಆಸನ್‌ಗಾಂವ್ ಅಂತ ಬರೆಯುವ ಫಾರ್ಮ್ ನನ್ನ ಕಿಟಕಿಗೆ ಬರಲಿಲ್ಲ. ಕಾಲೇಜಿನ ಲೆಕ್ಕದಲ್ಲಿ ಅವಳು ಡ್ರಾಪ್‌ಔಟ್. ಕಾರಣದ ಜಾಗದಲ್ಲಿ 'ವೈಯಕ್ತಿಕ' ಅಂತ ಇತ್ತು. ಅದನ್ನು ಬರೆದದ್ದು ನಾನೇ. ಅದು ಸರಿಯಾದ ಕಾರಣ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು.

ಒಂದು ಸಣ್ಣ ಲೆಕ್ಕ ಹಾಕಿ. ಹೋಗೋದಕ್ಕೆ ಎರಡು ಗಂಟೆ, ಬರೋದಕ್ಕೆ ಎರಡು ಗಂಟೆ. ವರ್ಷಕ್ಕೆ 180 ದಿನ ಪಾಠ. ಒಟ್ಟು 720 ಗಂಟೆ. ಅಂದರೆ ಪೂರ್ತಿ 30 ಹಗಲು, 30 ರಾತ್ರಿ. ವರ್ಷದಲ್ಲಿ ಒಂದು ತಿಂಗಳನ್ನು ನಿಮ್ಮ ವಿದ್ಯಾರ್ಥಿ ಗಾಡಿಯಲ್ಲೇ ಕಳೆಯುತ್ತಾನೆ. ಅದೂ ಕೂತುಕೊಂಡಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಅಂಚಿನಲ್ಲಿ ಕೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಆ ಫೋರ್ತ್ ಸೀಟಿನಲ್ಲಿ ಕೂತು, ಮಡಿಲಲ್ಲಿ ನೋಟ್ಸ್ ಇಟ್ಟುಕೊಂಡು ಓದಿದ ಎಷ್ಟೋ ಹುಡುಗಿಯರನ್ನು ನಾನು ಲೇಡೀಸ್ ಡಬ್ಬದಲ್ಲಿ ದಿನಾ ನೋಡಿದ್ದೇನೆ. ಅವರನ್ನು ಶ್ರದ್ಧೆ ಇಲ್ಲದವರು ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ.

ಬೆಳಗಿನ ಹೊತ್ತಿನ ಬಗ್ಗೆ ಇನ್ನೊಂದು ಮಾತು. ಇದನ್ನು ಹೇಳೋದಕ್ಕೆ ಮನಸ್ಸು ಭಾರವಾಗುತ್ತದೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಜನ ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡರು. ಬೆಳಗಿನ ಆಫೀಸ್ ಹೊತ್ತು ಅದು. ನಾನು ದಿನಾ ಹಾದು ಹೋಗುತ್ತಿದ್ದ ಜಾಗ. ಆಫೀಸುಗಳ ಸಮಯ ಹಿಂದೆ ಮುಂದೆ ಮಾಡಿ, ಎಲ್ಲರೂ ಒಂದೇ ಹೊತ್ತಿಗೆ ಹೊರಡುವ ಹಾಗೆ ಮಾಡಬೇಡಿ ಅಂತ ಮಧ್ಯ ರೈಲ್ವೆ ಎಷ್ಟೋ ಸಂಸ್ಥೆಗಳನ್ನು ಕೇಳಿಕೊಂಡಿದೆ. ಕಾಲೇಜೂ ಒಂದು ಸಂಸ್ಥೆ ಅಲ್ವಾ? ಒಂಬತ್ತೂವರೆಗೆ ಪ್ರಾಕ್ಟಿಕಲ್ ಇಡೋಣ ಅಂತ ಸ್ಟಾಫ್‌ರೂಮಿನಲ್ಲಿ ಸುಮ್ನೆ ಬರೆದು ಬಿಡುತ್ತೇವೆ. ಆದರೆ ಆ ಒಂದು ಸಾಲಿನಿಂದ ನೂರಾರು ಮಕ್ಕಳು ಎಂಟು ಗಂಟೆಯ ಗಾಡಿಯ ಬಾಗಿಲಲ್ಲಿ ನೇತಾಡಬೇಕಾಗುತ್ತದೆ. ಹನ್ನೊಂದಕ್ಕೆ ಇಟ್ಟರೆ ಅದೇ ಮಕ್ಕಳು ಒಳಗೆ ನಿಂತುಕೊಂಡಾದರೂ ಬರಬಹುದು. ಇದಕ್ಕೆ ಸರ್ಕಾರದ ಅನುಮತಿ ಬೇಡ, ಬಜೆಟ್ ಬೇಡ.

ದೂರದ ಮಕ್ಕಳಿಗೆ ಏಳು ಇಪ್ಪತ್ತೂ ಕಷ್ಟ, ಒಂಬತ್ತೂವರೆಯೂ ಕಷ್ಟ, ಹಾಗಾದರೆ ಯಾವಾಗ ಇಡೋದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಒಂದೊಂದು ಕಾಲೇಜಿಗೆ ಒಂದೊಂದು ಥರ ಇರುತ್ತದೆ. ಕೆಲಸಕ್ಕೆ ಹೋಗುವ ಹುಡುಗರು ಜಾಸ್ತಿ ಇರುವ ಕಾಲೇಜಿಗೆ ಬೆಳಗಿನ ಏಳು ಗಂಟೆಯೇ ಒಳ್ಳೆಯದು, ಅವರಿಗೆ ಹನ್ನೊಂದಕ್ಕೆ ಬಿಡುಗಡೆ ಬೇಕು. ದೂರದ ಹಳ್ಳಿಯವರು ಜಾಸ್ತಿ ಇದ್ದರೆ ಹನ್ನೊಂದು ಗಂಟೆ ಒಳ್ಳೆಯದು. ಎರಡೂ ಥರದವರು ಇದ್ದರೆ ಎರಡು ಬ್ಯಾಚು. ಯಾರು ಎಷ್ಟು ಜನ ಇದ್ದಾರೆ ಅಂತ ಎಣಿಸದೆ ಇದನ್ನು ತೀರ್ಮಾನ ಮಾಡೋದು ಹೇಗೆ?

ಇನ್ನು ನಡುವಿನ ಹೊತ್ತು. ಬೆಳಿಗ್ಗೆ ಎರಡು ಲೆಕ್ಚರು, ಆಮೇಲೆ ಮೂರು ಗಂಟೆ ಖಾಲಿ, ಮಧ್ಯಾಹ್ನ ಎರಡಕ್ಕೆ ಒಂದು ಪ್ರಾಕ್ಟಿಕಲ್. ಹತ್ತಿರದಲ್ಲಿ ಮನೆ ಇರುವವರು ಹೋಗಿ ಊಟ ಮಾಡಿ ಬರುತ್ತಾರೆ. ಕಲ್ಯಾಣದ ಆಚೆಯವರು ಎಲ್ಲಿ ಹೋಗಬೇಕು? ಲೈಬ್ರರಿಯಲ್ಲಿ ಡಬ್ಬಿ ತೆಗೆಯುವ ಹಾಗಿಲ್ಲ. ಕ್ಯಾಂಟೀನಿನಲ್ಲಿ ಏನೂ ತೆಗೆದುಕೊಳ್ಳದೆ ಕೂತರೆ ಎಬ್ಬಿಸುತ್ತಾರೆ. ಖಾಲಿ ಕ್ಲಾಸಿಗೆ ಬೀಗ. ನಮ್ಮ ಕಾಲೇಜಿನಲ್ಲಿ ಹುಡುಗಿಯರು ಹಿಂದಿನ ಮೆಟ್ಟಿಲ ಮೇಲೆ ಕೂತು, ಸೆರಗು ಮರೆಮಾಡಿದ ಹಾಗೆ ದುಪಟ್ಟಾ ಮರೆಮಾಡಿಕೊಂಡು ಡಬ್ಬಿ ತಿನ್ನುತ್ತಿದ್ದರು. ನನಗದು ಎಷ್ಟೋ ವರ್ಷ ಸಹಜವಾಗಿಯೇ ಕಂಡಿತ್ತು. ಒಂದು ದಿನ ಒಬ್ಬಳು ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಅಲ್ಲಿ ನಡುಗುತ್ತಾ ಕೂತಿದ್ದಳು. ಅವಳನ್ನು ಒಳಗೆ ಕರೆದು ನನ್ನ ಟೇಬಲ್ಲಿನ ಹತ್ತಿರ ಕೂರಿಸಿದೆ. ಮಾರನೆಯ ದಿನ ನಾಲ್ಕು ಜನ ಬಂದರು. ಆಮೇಲೆ ರೆಕಾರ್ಡ್ ರೂಮಿನಲ್ಲಿ ಹಳೆಯ ಕಪಾಟು ಸರಿಸಿ ಜಾಗ ಮಾಡಿಕೊಟ್ಟೆವು. ಒಂದು ಫ್ಯಾನು, ಎರಡು ಬೆಂಚು, ಚಾರ್ಜರಿಗೆ ಒಂದು ಪ್ಲಗ್ಗು, ಬಟ್ಟೆ ಒಣಗಿಸೋದಕ್ಕೆ ಒಂದು ಹಗ್ಗ. ನಾನು ಕಾಲೇಜಿನಲ್ಲಿ ಮಾಡಿದ ಕೆಲಸಗಳಲ್ಲಿ ಅದೊಂದು ನನಗೆ ಇವತ್ತಿಗೂ ತೃಪ್ತಿ ಕೊಡುತ್ತದೆ. ಒಂದು ಕೋಣೆ. ಅಷ್ಟೇ ಬೇಕಿದ್ದದ್ದು.

ಕೆಲಸ ಮಾಡುವ ಹುಡುಗರ ವಿಷಯಕ್ಕೆ ಬರುತ್ತೇನೆ. ಕನ್ಸೆಷನ್ ಸಿಗುವುದು ಮನೆಯ ಸ್ಟೇಷನ್ನಿನಿಂದ ಕಾಲೇಜಿನ ಸ್ಟೇಷನ್ನಿಗೆ ಮಾತ್ರ. ಡೊಂಬಿವಲಿಯಿಂದ ಕುರ್ಲಾಕ್ಕೆ ಓದಲು ಬರುವ ಹುಡುಗ, ಅಲ್ಲಿಂದ ಅಂಧೇರಿಗೆ ಕೆಲಸಕ್ಕೆ ಹೋದರೆ, ಆ ದಾರಿಗೆ ಪೂರ್ತಿ ದುಡ್ಡು ಕೊಡಬೇಕು. ನನ್ನ ಕಿಟಕಿಗೆ ಬಂದು ಅಂಧೇರಿವರೆಗೆ ಬರೆದುಕೊಡಿ ಮ್ಯಾಡಮ್ ಅಂತ ಕೇಳುತ್ತಿದ್ದರು. ಬರೆಯಲು ಬರುವುದಿಲ್ಲ ಅಂದಾಗ ಮುಖ ಸಣ್ಣದಾಗುತ್ತಿತ್ತು. ಮೂರು ತಿಂಗಳ ಪಾಸು ಮಾಡಿಸುತ್ತಿದ್ದವನು ಇದ್ದಕ್ಕಿದ್ದ ಹಾಗೆ ಒಂದು ತಿಂಗಳದ್ದು ಸಾಕು ಅಂದರೆ, ಮನೆಯಲ್ಲಿ ಏನೋ ಆಗಿದೆ ಅಂತ ನನಗೆ ಗೊತ್ತಾಗುತ್ತಿತ್ತು. ತಂದೆಯ ಕೆಲಸ ಹೋಗಿರುತ್ತದೆ, ಅಥವಾ ಯಾರಾದರೂ ಆಸ್ಪತ್ರೆಯಲ್ಲಿರುತ್ತಾರೆ.

ಮತ್ತೆ ವಯಸ್ಸು. ರೈಲ್ವೆಯ ನಿಯಮದಲ್ಲಿ ಸಾಮಾನ್ಯವಾಗಿ 25 ವರ್ಷ ದಾಟಿದರೆ ವಿದ್ಯಾರ್ಥಿ ಪಾಸು ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ 27. ಮದುವೆಯಾಗಿ, ಮಗು ಸ್ವಲ್ಪ ದೊಡ್ಡದಾದ ಮೇಲೆ ಬಿಟ್ಟ ಓದನ್ನು ಮುಗಿಸಲು ಬಂದ ಹೆಣ್ಣುಮಕ್ಕಳಿಗೆ ಇದರಿಂದ ಏಟು. ಇಂಥವರು ಇದ್ದಾರೆ ಅನ್ನೋದೇ ಕಾಲೇಜಿನ ಲೆಕ್ಕದಲ್ಲಿ ಕಾಣುವುದಿಲ್ಲ. ಮಗುವಿನ ಶಾಲೆ ಬಿಡುವ ಹೊತ್ತಿಗೆ ತಪ್ಪದೆ ಮನೆಯಲ್ಲಿರಬೇಕಾದ ವಿದ್ಯಾರ್ಥಿನಿಗೆ 'ಸಂಜೆ ಐದಕ್ಕೆ ಕಡ್ಡಾಯ ಸೆಮಿನಾರ್' ಅನ್ನುವ ನೋಟೀಸು ಏನು ಮಾಡುತ್ತದೆ ಅಂತ ಯೋಚಿಸಿ.

ಸಮುದ್ರದಾಚೆಯ ಉರಣ್ ಕಡೆಯ ಮಕ್ಕಳೂ ಬರುತ್ತಿದ್ದರು. ಅಲ್ಲಿಗೆ ರೈಲು ಪೂರ್ತಿಯಾಗಿ ಬಂದದ್ದು 2024ರ ಜನವರಿಯಲ್ಲಿ. ಅದಕ್ಕೂ ಮೊದಲು ಬಸ್ಸು, ಇಲ್ಲವೇ ಅಲ್ಲಿಯ ಮೋರಾ ಜೆಟ್ಟಿಯಿಂದ ಮುಂಬಯಿಯ ಭಾವೂಚಾ ಧಕ್ಕಾಗೆ ಲಾಂಚು. ಸಮುದ್ರ ಇಳಿತ ಇದ್ದಾಗ ಮೋರಾ ಜೆಟ್ಟಿಯಲ್ಲಿ ಹೂಳಿನಿಂದಾಗಿ ಲಾಂಚು ನಿಲ್ಲಿಸುತ್ತಾರೆ. ಸಮುದ್ರದ ಏರಿಳಿತ ನೋಡಿಕೊಂಡು ಲೆಕ್ಚರಿಗೆ ಬರುವ ಹುಡುಗರೂ ಈ ಊರಿನ ವಿದ್ಯಾರ್ಥಿಗಳೇ.

ನಮ್ಮವರ ಒಂದು ವಿಷಯ ಹೇಳದೆ ಇರಲಾರೆ. ಮುಂಬಯಿ ಕನ್ನಡಿಗರು ಅಂದ ಕೂಡಲೇ ಹೋಟೆಲು, ಬ್ಯಾಂಕು, ಮಾಟುಂಗಾ, ಡೊಂಬಿವಲಿ ಅಂತ ಎಲ್ಲರಿಗೂ ನೆನಪಾಗುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಮೂಲೆಯಲ್ಲಿ, ಕೂಲಿಗೆ ನಿಲ್ಲುವವರು ಅಷ್ಟಾಗಿ ನೆನಪಾಗುವುದಿಲ್ಲ. ಅವರ ಮಕ್ಕಳಲ್ಲಿ ಕೆಲವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಹೇಗೋ ಎಸ್‌ಎಸ್‌ಸಿ, ಎಚ್‌ಎಸ್‌ಸಿ (ಹತ್ತನೇ, ಹನ್ನೆರಡನೇ ತರಗತಿ) ಮುಗಿಸಿ ಡಿಗ್ರಿಗೆ ಬರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಅವರು. ಅಂಥ ಒಬ್ಬ ಹುಡುಗ ನನ್ನ ಕಿಟಕಿಗೆ ಬಂದ. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ, "ಅಕ್ಕಾರ, ನೀವು ನಮ್ಮ ಕಡೀಯವರೇನ್ರಿ?" ಅಂತ ಕೇಳಿದ. ನಮ್ಮ ಊರು ಕಾರ್ಕಳದ ಕಡೆ, ಅವನದು ಯಾದಗಿರಿ. ಊರಿಗೆ ಊರು ಬಹಳ ದೂರ. ಆದರೂ ಆ ಕ್ಷಣ ಅವನ ಮುಖ ಅರಳಿದ್ದನ್ನು ನಾನು ಮರೆತಿಲ್ಲ.

ಅವನ ಕಷ್ಟ ಬೇರೆ. ಪ್ರವೇಶದ ಫಾರ್ಮಿನಲ್ಲಿ ಪರಿಶಿಷ್ಟ ಜಾತಿ ಅಂತ ಬರೆದಿದ್ದ. ಸರ್ಟಿಫಿಕೇಟ್ ಕರ್ನಾಟಕದ್ದು, ಅವನ ಅಪ್ಪನದು. ಮಹಾರಾಷ್ಟ್ರದಲ್ಲಿ ಅದು ನಡೆಯಲಿಲ್ಲ. ಇಲ್ಲಿಯ ಸರ್ಟಿಫಿಕೇಟ್ ಬೇಕಾದರೆ ಪರಿಶಿಷ್ಟ ಜಾತಿಯವರ ಕುಟುಂಬ 1950ರ ಆಗಸ್ಟ್ 10ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿರಬೇಕು. ಹಿಂದುಳಿದ ವರ್ಗದವರಿಗೆ ಆ ತಾರೀಕು 1967ರ ಅಕ್ಟೋಬರ್ 13. ಒಂದು ರಾಜ್ಯದ ಮೀಸಲಾತಿ ವಲಸೆ ಬಂದವರ ಜೊತೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಆ ಕೇಸು ಮುಂಬಯಿಯದ್ದೇ ಒಂದು ಮೆಡಿಕಲ್ ಕಾಲೇಜಿನ ಸೀಟಿನದ್ದು. ಹುಡುಗ ಹುಟ್ಟಿದ್ದು ಮುಂಬಯಿಯಲ್ಲಿ. ಊರನ್ನು ನೋಡಿದ್ದು ಜಾತ್ರೆಗೆ ಹೋದಾಗ ಮಾತ್ರ. ಅಲ್ಲಿ ಇದ್ದಿದ್ದರೆ ಸ್ಕಾಲರ್‌ಶಿಪ್ ಸಿಗುತ್ತಿತ್ತು. ಇಲ್ಲಿ ಅವನು ಓಪನ್ ಕೆಟಗರಿ, ಫೀಸು ಪೂರ್ತಿ.

ಕಾನೂನು ನಿಮ್ಮ ಕೈಯಲ್ಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಹುಡುಗನಿಗೆ ಈ ವಿಷಯ ತಿಳಿದದ್ದು ದೀಪಾವಳಿ ಮುಗಿದ ಮೇಲೆ. ಜೂನ್‌ನಿಂದ ಅಲ್ಲಿಯವರೆಗೆ ಸ್ಕಾಲರ್‌ಶಿಪ್ ಬರುತ್ತದೆ ಅಂತ ಕಾದು ಕೂತಿದ್ದ. ಪ್ರವೇಶದ ದಿನವೇ ಹೇಳಿದ್ದರೆ ಕಂತಿನಲ್ಲಿ ಕಟ್ಟುತ್ತಿದ್ದ, ಅಥವಾ ಯಾವುದಾದರೂ ಟ್ರಸ್ಟಿಗೆ ಅರ್ಜಿ ಹಾಕುತ್ತಿದ್ದ. ಇಂಥ ಮಕ್ಕಳು ಮುಂಬಯಿಯಲ್ಲಿ ಒಬ್ಬಿಬ್ಬರಲ್ಲ. ಬಿಹಾರದವರು, ಉತ್ತರ ಪ್ರದೇಶದವರು, ಆಂಧ್ರ, ತೆಲಂಗಾಣದವರು ಎಲ್ಲರಿಗೂ ಇದೇ ಗೋಳು. ಕಾಲೇಜಿನ ಸ್ವಂತ ನಿಧಿಯಿಂದ ಇವರಿಗೆ ಫೀಸಿನಲ್ಲಿ ರಿಯಾಯಿತಿ ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಮ್ಮ ಸಂಘಗಳ ಹಿರಿಯರೇ, ಈ ಮಾತನ್ನು ವಿಶೇಷವಾಗಿ ನಿಮಗೆ ಹೇಳುತ್ತಿದ್ದೇನೆ. ವರ್ಷಕ್ಕೊಮ್ಮೆ ಸಭಾಗೃಹದಲ್ಲಿ ವಿದ್ಯಾರ್ಥಿವೇತನ ಹಂಚುತ್ತೀರಿ. ಬಹಳ ಒಳ್ಳೆಯ ಕೆಲಸ. ನಾಕಾದಲ್ಲಿ ನಿಲ್ಲುವವರ ಮಕ್ಕಳಿಗೂ ಆ ಅರ್ಜಿ ತಲುಪುವ ದಾರಿ ಮಾಡಿ. ಅವರು ಯಾವ ಸಂಘದ ಸದಸ್ಯರೂ ಅಲ್ಲ, ನಿಮ್ಮ ಪತ್ರಿಕೆ ಅವರ ಮನೆಗೆ ಬರುವುದಿಲ್ಲ.

ನಿಮಗೆ ಇದನ್ನು ಹೇಳೋದಕ್ಕೆ ಇನ್ನೊಂದು ಕಾರಣ ಇದೆ. ಮಕ್ಕಳ ಹೊತ್ತು ನೋಡಿ ಪಾಠದ ಹೊತ್ತು ಇಡಬೇಕು ಅನ್ನೋದನ್ನು ಈ ಊರಿಗೆ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಆಮೇಲೆ ಮೊಗವೀರರು, ಬಿಲ್ಲವರು ಮತ್ತು ಬೇರೆ ಬೇರೆ ಸಮಾಜದವರು ಹೋಟೆಲು, ಬಂದರಿನ ಹಡಗುಕಟ್ಟೆಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಗುರುನಾರಾಯಣ ರಾತ್ರಿ ಶಾಲೆಯಲ್ಲಿ ಓದಿದವರು ಇವತ್ತೂ ನಮ್ಮ ನಡುವೆ ಇದ್ದಾರೆ. ನನ್ನ ದೊಡ್ಡಣ್ಣ ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಮೊದಲು ಕ್ಲೀನರ್, ಆಮೇಲೆ ಮಾಣಿ. ಸಂಜೆಯ ಚಹಾ ಗಿರಾಕಿ ಮುಗಿದ ಮೇಲೆ ಏಪ್ರನ್ ಬಿಚ್ಚಿಟ್ಟು ರಾತ್ರಿ ಶಾಲೆಗೆ ಓಡುತ್ತಿದ್ದ. ಶಾಲೆ ಸಂಜೆ ನಾಲ್ಕಕ್ಕೆ ಶುರುವಾಗುತ್ತಿದ್ದರೆ ಅವನಿಗೆ ಓದು ಇರುತ್ತಿರಲಿಲ್ಲ. ಶಾಲೆ ಶುರು ಮಾಡಿದವರು ಮೊದಲು ಕೇಳಿದ್ದೇ, ನಿಮಗೆ ಯಾವಾಗ ಬಿಡುವು ಅಂತ. ಅಣ್ಣ ಆಮೇಲೆ ಬೆಳಗಿನ ಕಾಲೇಜಿನಲ್ಲಿ ಬಿಕಾಂ ಮಾಡಿ ಬ್ಯಾಂಕಿಗೆ ಸೇರಿದ. ನಾನು ಓದಿದ್ದು ಅವನ ಸಂಬಳದಲ್ಲಿ.

1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಪೀಪಲ್ಸ್ ಎಜುಕೇಷನ್ ಸೊಸೈಟಿಯ ಮೂಲಕ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ ಕ್ಲಾಸುಗಳನ್ನು ಬೆಳಗಿನ ಹೊತ್ತು ಇಟ್ಟರು. ದಿನದಲ್ಲಿ ದುಡಿದು ಬದುಕುವ ಬಡ ಹುಡುಗರೂ ಓದಬೇಕು ಅನ್ನೋದು ಉದ್ದೇಶ. ಹೊತ್ತನ್ನು ಆಯ್ಕೆ ಮಾಡುವುದು ಅಂದರೆ ಯಾರು ಓದಬಹುದು ಅನ್ನೋದನ್ನು ಆಯ್ಕೆ ಮಾಡುವುದು ಅಂತ ಅವರಿಗೆ ಗೊತ್ತಿತ್ತು.

ಈಗ ಹೊಸ ಶಿಕ್ಷಣ ನೀತಿ ಬಂದಿದೆ. ಕ್ರೆಡಿಟ್ಟು, ಫೀಲ್ಡ್ ಪ್ರಾಜೆಕ್ಟು, ಇಂಟರ್ನ್‌ಶಿಪ್ಪು. ಓದು ನಡುವೆ ಬಿಟ್ಟವರು ಅಲ್ಲಿಯವರೆಗೆ ಓದಿ ಗಳಿಸಿದ ಕ್ರೆಡಿಟ್ ಉಳಿಸಿಕೊಂಡು ಮತ್ತೆ ಬರಬಹುದು ಅಂತ ಹೇಳುತ್ತೀರಿ. ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಆಸನ್‌ಗಾಂವಿನ ಹುಡುಗಿಯ ಕಾಲದಲ್ಲೇ ಇದು ಇದ್ದಿದ್ದರೆ ಅಂತ ಅನ್ನಿಸಿತು. ಆದರೆ ಅವಳಂಥವಳು ವಾಪಸು ಬಂದರೂ ಮೊದಲ ಲೆಕ್ಚರು ಅದೇ ಹೊತ್ತಿಗೆ ಇದ್ದರೆ ಅವಳು ಮತ್ತೆ ಹೋಗುತ್ತಾಳೆ. ಇಂಟರ್ನ್‌ಶಿಪ್ಪಿನ ವಿಷಯದಲ್ಲೂ ಹಾಗೇ. ಮಧ್ಯಾಹ್ನದಿಂದ ರಾತ್ರಿವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಬಿಕಾಂ ಹುಡುಗನಿಗೆ, ಆ ಕೆಲಸ ಬಿಟ್ಟು ಸಂಬಳ ಇಲ್ಲದೆ ಇನ್ನೆಲ್ಲೋ ಹೋಗಿ ಲೆಕ್ಕ ಕಲಿತು ಬಾ ಅಂದರೆ ಹೇಗೆ? ಅವನ ಕೆಲಸವನ್ನೇ ಮೇಷ್ಟ್ರು ಹೋಗಿ ನೋಡಲಿ, ಅವನಿಂದ ವರದಿ ಬರೆಸಲಿ, ಅದಕ್ಕೇ ಕ್ರೆಡಿಟ್ ಕೊಡಲಿ.

ಹಾಜರಿಯ ನಿಯಮ ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ಕ್ಲಾಸಿಗೆ ಬಂದವರು ಕಲಿಯುತ್ತಾರೆ, ಬಾರದವರು ಗೈಡು ಓದಿ ಪಾಸಾಗುತ್ತಾರೆ, ಅದನ್ನೂ ನಾನು ನೋಡಿದ್ದೇನೆ. ಬ್ಲ್ಯಾಕ್‌ಲಿಸ್ಟ್ ಹಾಕುವ ಮೊದಲು ಯಾವ ಲೆಕ್ಚರು ತಪ್ಪಿದೆ ಅಂತ ಒಮ್ಮೆ ನೋಡಿ ಅಂತ ಮಾತ್ರ ಕೇಳುತ್ತೇನೆ. ಮಳೆಗೆ ಗಾಡಿ ನಿಂತ ದಿನವನ್ನು ಗೈರು ಅಂತ ಹಿಡಿಯಬೇಡಿ. ಗಾಡಿ ನಿಂತದ್ದು ಊರಿಗೆಲ್ಲ ಗೊತ್ತಿರುತ್ತದೆ, ವಿದ್ಯಾರ್ಥಿ ಪುರಾವೆ ತರಬೇಕಾಗಿಲ್ಲ. ಭಾನು­ವಾರ ಪರೀಕ್ಷೆ ಇಡುವುದಾದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಲೈನಿನಲ್ಲಿ ಇದೆ ಅಂತ ನೋಡಿಕೊಂಡು ಇಡಿ. ತಂದೆ ತಾಯಿಯನ್ನು ಕರೆಸುವುದಾದರೆ ಫೋನಿನಲ್ಲಿ ಮಾತಾಡಿ, ಕೂಲಿ ಬಿಡಿಸಬೇಡಿ.

ಮತ್ತೆ ಆ ಪ್ರಶ್ನೆಗಳು. ಪ್ರವೇಶದ ಫಾರ್ಮಿನಲ್ಲಿ ಅರ್ಧ ಪುಟ ಸಾಕು. ಮನೆಯಿಂದ ಎಷ್ಟು ಗಂಟೆಗೆ ಹೊರಟರೆ ಮೊದಲ ಲೆಕ್ಚರಿಗೆ ಬರಬಹುದು? ಆ ಹೊತ್ತಿಗೆ ನಿಮ್ಮೂರಿನಿಂದ ಗಾಡಿ ಇದೆಯಾ? ಕೆಲಸ ಮಾಡುತ್ತೀರಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಜವಾಬ್ದಾರಿ ಇದೆಯಾ? ಹತ್ತನೇ ತರಗತಿವರೆಗೆ ಯಾವ ಭಾಷೆಯಲ್ಲಿ ಓದಿದಿರಿ? ಜಾತಿ ಸರ್ಟಿಫಿಕೇಟ್ ಯಾವ ರಾಜ್ಯದ್ದು? ಇಷ್ಟೇ. ಉತ್ತರ ಕೊಟ್ಟವರ ಹೆಸರು ಗುಟ್ಟಾಗಿರಲಿ, ಒಟ್ಟು ಲೆಕ್ಕ ಮಾತ್ರ ಪ್ರತಿ ಕಾಲೇಜೂ ಜುಲೈ ಕೊನೆಗೆ ನೋಟೀಸ್ ಬೋರ್ಡಿನಲ್ಲಿ ಹಾಕಲಿ. ಟೈಮ್‌ಟೇಬಲ್ ಕಮಿಟಿಯ ಮೇಜಿನ ಮೇಲೆ ಆ ಕಾಗದ ಇರಲಿ. ಆ ಕಮಿಟಿಯಲ್ಲಿ ದೂರದಿಂದ ಬರುವ ಒಬ್ಬ ವಿದ್ಯಾರ್ಥಿಯೂ ಕೂರಲಿ.

ಇದಕ್ಕೆ ಜನ ಬೇಕು, ಯಾರು ಎಣಿಸುತ್ತಾರೆ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ. ಈ ಬರುವ ಜೂನ್‌ನಲ್ಲಿ ಠಾಣೆಯಿಂದ ಕಲ್ಯಾಣದವರೆಗಿನ ಯಾವ ಕಾಲೇಜು ಕರೆದರೂ ನಾನು ಬಂದು ಪ್ರವೇಶದ ಹತ್ತು ದಿನ ಕಿಟಕಿಯಲ್ಲಿ ಕೂತು ಈ ಫಾರ್ಮ್ ತುಂಬಿಸಿಕೊಡುತ್ತೇನೆ. ಮರಾಠಿ, ಹಿಂದಿ, ಕನ್ನಡ, ತುಳು ನಾಲ್ಕರಲ್ಲೂ ಮಕ್ಕಳ ಜೊತೆ ಮಾತಾಡಬಲ್ಲೆ. ನನ್ನ ಜೊತೆ ನಿವೃತ್ತರಾದ ಇನ್ನಿಬ್ಬರು ಗೆಳತಿಯರೂ ಒಪ್ಪಿದ್ದಾರೆ. ನಮಗೆ ದುಡ್ಡು ಬೇಡ. ಒಂದು ಟೇಬಲ್ಲು, ಮೂರು ಕುರ್ಚಿ ಕೊಟ್ಟರೆ ಸಾಕು. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಆಫೀಸುಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಾಲೇಜು ಕ್ಲರ್ಕ್
ಡೊಂಬಿವಲಿ